ನೆಲೆಯ ಸಾಕ್ಷ್ಯ

ಕಳೆದ ಶ್ರಾವಣದಲ್ಲಿ ನನ್ನ ಅಕ್ಕನ ಮಗಳು ಒಂದು ಕಾಗದವನ್ನು ಹಿಡಿದು ಬಂದು, “ಮಾವ, ಡಾಮಿಸೈಲ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ?” ಎಂದು ಕೇಳಿದಳು. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದು ಸುಲಭದ ಪ್ರಶ್ನೆಯೆಂದೇ ತೋರಿತು. ‘ನಿವಾಸ’ ಎಂದೆ, ಅಲ್ಲವೆಂದಳು. ‘ವಾಸಸ್ಥಳ’ ಎಂದೆ, ಅದೂ ಅಲ್ಲ. ಕೊನೆಗೆ ‘ನೆಲೆ’ ಎಂಬ ಹಳೆಯ ಮಾತಿಗೆ ಬಂದು ನಿಂತೆವು. ಮನುಷ್ಯ ಎಲ್ಲಿದ್ದಾನೆಂಬುದು ವಾಸ. ಎಲ್ಲಿರಬೇಕೆಂದು ಮನಸ್ಸು ಮಾಡಿದ್ದಾನೆಂಬುದೂ ಕೂಡಿದರೆ ನೆಲೆ.

ಆಕೆಯ ಗಂಡ ಹುಟ್ಟಿದ್ದು ಕ್ಯಾಲಿಫೋರ್ನಿಯದಲ್ಲಿ, ಅಮೆರಿಕದ ಪ್ರಜೆ. ಆರು ವರ್ಷದಿಂದ ಬೆಂಗಳೂರಿನಲ್ಲಿ ಉದ್ಯೋಗ, ಮದುವೆಯಾದದ್ದೂ ಇಲ್ಲಿಯೇ. ಈಗ ಅವನ ತಂದೆ ಅಲ್ಲಿ ಹಾಸಿಗೆ ಹಿಡಿದಿದ್ದಾರೆ. ದಂಪತಿಗಳಿಬ್ಬರೂ ಅಲ್ಲಿಗೆ ಹೋಗಿ ನೆಲಸಬೇಕೆಂದು ಸಂಕಲ್ಪಿಸಿದರು. ಪ್ರಜೆಯ ಹೆಂಡತಿಗೆ ಆ ದೇಶದಲ್ಲಿ ವಾರ್ಷಿಕ ಸಂಖ್ಯೆಯ ಮಿತಿಯಿಲ್ಲ. ಸರದಿಗಾಗಿ ಹತ್ತಾರು ವರ್ಷ ಕಾಯಬೇಕಾಗಿಲ್ಲ. ಐ-130 ಎಂಬ ಅರ್ಜಿ ಮಂಜೂರಾಯಿತು. ಹುಡುಗಿ ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಸಂದರ್ಶನದ ದಿನ ಅಧಿಕಾರಿ ಮದುವೆಯ ವಿಷಯವಾಗಿ ಎರಡು ಮಾತು ಕೇಳಿ, “ನಿಮ್ಮ ಪತಿಯ ನೆಲೆ ಅಮೆರಿಕದಲ್ಲಿದೆಯೆಂಬುದಕ್ಕೆ ಸಾಕ್ಷ್ಯ ಸಾಲದು” ಎಂದು ಚೀಟಿ ಕೊಟ್ಟು ಕಳುಹಿಸಿದರು. ಒಂದು ವರ್ಷದೊಳಗೆ ಸಾಕ್ಷ್ಯ ಒದಗಿಸದಿದ್ದರೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು.

ನ್ಯಾಯವಾಗಿ ನೋಡಿದರೆ ಕಾನೂನಿನ ಪ್ರಶ್ನೆ ಅರ್ಥವಿಲ್ಲದ್ದಲ್ಲ. ಅಲ್ಲಿನ 1996ರ ಶಾಸನದ ಪ್ರಕಾರ ಕರೆಸಿಕೊಳ್ಳುವವನು ಐ-864 ಎಂಬ ಪತ್ರಕ್ಕೆ ರುಜು ಹಾಕಬೇಕು. ಬಂದವರು ಸರಕಾರದ ಮೇಲೆ ಹೊರೆಯಾಗದಂತೆ ತಾನು ಪೋಷಿಸುವೆನೆಂಬ ಕರಾರು ಅದು, ನ್ಯಾಯಾಲಯದಲ್ಲಿ ಜಾರಿಯಾಗತಕ್ಕದ್ದು. ಬಡತನದ ಗೆರೆಯ ಶೇಕಡ 125ರಷ್ಟು ವರಮಾನ ತೋರಿಸಬೇಕು. ಇಬ್ಬರ ಸಂಸಾರಕ್ಕೆ 2025ರ ಲೆಕ್ಕದಲ್ಲಿ 26,437 ಡಾಲರು. ಬೆಂಗಳೂರಿನ ಸಂಬಳ ಎಷ್ಟೇ ದೊಡ್ಡದಿರಲಿ, ಅಲ್ಲಿಗೆ ಹೋದಮೇಲೆ ನಿಂತುಹೋಗುವುದಾದರೆ ಲೆಕ್ಕಕ್ಕೆ ಬಾರದು. ವರಮಾನದ ಕೊರತೆಯನ್ನು ಜಂಟಿ ಜಾಮೀನುದಾರನೊಬ್ಬ ತುಂಬಿಕೊಡಬಹುದು. ನೆಲೆಯ ಕೊರತೆಯನ್ನು ಮಾತ್ರ ಇನ್ನಾರೂ ತುಂಬಲಾರರು. ಹೆಂಡತಿ ಅಲ್ಲಿನ ಪ್ರಜೆಯಾಗುವವರೆಗೆ, ಇಲ್ಲವೆ ದುಡಿಮೆಯ ನಲವತ್ತು ತ್ರೈಮಾಸಿಕಗಳು ಅವಳ ಲೆಕ್ಕಕ್ಕೆ ಸೇರುವವರೆಗೆ ಸಾಮಾನ್ಯವಾಗಿ ಈ ಹೊಣೆ ತಪ್ಪದು. ವಿಚ್ಛೇದನವಾದರೂ ತಪ್ಪದು! ಸಪ್ತಪದಿಗಿಂತಲೂ ಗಟ್ಟಿಯಾದ ಗಂಟು. ಇಂಥ ಕರಾರಿಗೆ ರುಜು ಹಾಕಿದವನು ಕೈಗೆ ಸಿಕ್ಕುವ ಕಡೆ ಇರಲಿ ಎಂದು ಸರಕಾರ ಬಯಸಿದರೆ ತಪ್ಪೇನು?

ತಪ್ಪಿರುವುದು ಬಯಕೆಯಲ್ಲಲ್ಲ, ಅದನ್ನು ಅಳೆಯುವ ಕೋಲಿನಲ್ಲಿ. ಹೊರದೇಶದಲ್ಲಿರುವ ಪ್ರಜೆ, ಹೆಂಡತಿ ಪ್ರವೇಶಿಸುವ ದಿನಕ್ಕಾದರೂ ತಾನು ಅಲ್ಲಿ ನೆಲೆಯೂರುವೆನೆಂದು ತೋರಿಸಿದರೆ ಸಾಕೆಂದು ನಿಯಮವೇ ಹೇಳುತ್ತದೆ. ಅಂದರೆ ಇಬ್ಬರೂ ಒಂದೇ ವಿಮಾನದಲ್ಲಿ ಹೋಗಬಹುದು. ಆದರೆ ‘ತೋರಿಸುವುದು’ ಹೇಗೆ? ಬ್ಯಾಂಕಿನ ಖಾತೆ, ಬಾಡಿಗೆಯ ಕರಾರು, ಮತದಾರರ ಪಟ್ಟಿ, ಉದ್ಯೋಗದ ಆಹ್ವಾನ—ಇವುಗಳಲ್ಲಿ ಎಷ್ಟಿದ್ದರೆ ಸಾಕೆಂಬುದು ಎದುರಿಗೆ ಕುಳಿತ ಅಧಿಕಾರಿಯ ವಿವೇಚನೆ. ಮನಸ್ಸಿನ ಸಂಕಲ್ಪಕ್ಕೆ ರಸೀತಿ ಎಲ್ಲಿಂದ ತರುವುದು? ನಮ್ಮ ಹುಡುಗ ಕೊನೆಗೆ ಕೆಲಸ ಬಿಟ್ಟು ಒಬ್ಬನೇ ಹೊರಟ. ಮನೆ ಇದೆಯೆಂದು ತೋರಿಸುವುದಕ್ಕಾಗಿ ಇದ್ದ ಮನೆಯನ್ನು ಮುರಿಯಬೇಕಾಯಿತು.

ಇನ್ನೊಂದು ವಿಚಿತ್ರವುಂಟು. ಅಮೆರಿಕ ತನ್ನ ಪ್ರಜೆ ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ ಅವನಿಂದ ತೆರಿಗೆಯ ಲೆಕ್ಕ ಕೇಳುತ್ತದೆ. ಈ ಹುಡುಗ ಆರು ವರ್ಷವೂ ಲೆಕ್ಕ ಒಪ್ಪಿಸಿದ್ದಾನೆ. ತೆರಿಗೆಯ ಲೆಕ್ಕ ಕೇಳುವಾಗ ಏಳದ ನೆಲೆಯ ಪ್ರಶ್ನೆ, ಹೆಂಡತಿಯನ್ನು ಕರೆದೊಯ್ಯುವಾಗ ಏಳುತ್ತದೆ. ರೋಗಿಯಾದ ತಂದೆ, ಹುಟ್ಟಿದ ಮನೆ, ಪ್ರಾಮಾಣಿಕವಾದ ತೆರಿಗೆಯ ಲೆಕ್ಕ—ಈ ಮೂರಿದ್ದವನ ಮಾತನ್ನು ನಂಬುವುದೇ ನ್ಯಾಯವೆಂದು ನನ್ನ ಅಭಿಪ್ರಾಯ.

ವ್ಯಾಕರಣದ ಮೇಷ್ಟರ ಚಾಳಿಯನ್ನು ವಾಚಕರು ಕ್ಷಮಿಸಬೇಕು. ಸ್ಪಾನ್ಸರ್ ಎಂಬುದನ್ನು ನಾವೀಗ ‘ಪ್ರಾಯೋಜಕ’ ಎನ್ನುತ್ತೇವೆ. ಸಂಸ್ಕೃತ ವ್ಯಾಕರಣದಲ್ಲಿ ಮಾಡಿಸುವವನು ಪ್ರಯೋಜಕ ಕರ್ತೃ, ಮಾಡುವವನು ಪ್ರಯೋಜ್ಯ ಕರ್ತೃ. ಮಾಡುವವನೂ ಅಲ್ಲಿ ಕರ್ತೃವೇ. ಈ ಕಡತದಲ್ಲಿ ಮಾತ್ರ ನೆಲೆ, ವರಮಾನ, ಸಂಕಲ್ಪ ಎಲ್ಲವೂ ಅವನದು. ಕೆಲಸ ಬಿಟ್ಟು, ತಾಯಿಯನ್ನು ಬಿಟ್ಟು ಹೊರಟವಳ ಸಂಕಲ್ಪವೇನೆಂದು ಯಾವ ಕಾಲಮೂ ಕೇಳುವುದಿಲ್ಲ.

ನಮ್ಮವರನ್ನೂ ಬಿಡುವಂತಿಲ್ಲ. ಸಂಬಂಧ ಕುದುರಿಸುವಾಗ ಹುಡುಗನ ಪಾಸ್‌ಪೋರ್ಟಿನ ಬಣ್ಣವನ್ನು ಕೇಳಿದೆವೇ ಹೊರತು ಇದಾವುದನ್ನೂ ವಿಚಾರಿಸಲಿಲ್ಲ. ನಾನೂ ಆ ಜಗುಲಿಯ ಮೇಲೆ ಕುಳಿತಿದ್ದವನೇ. ಈಗ ಅದೇ ಬಂಧುಗಳು “ಬಿಟ್ಟು ಹೋದನಂತೆ ಹೌದೆ?” ಎಂದು ಪಿಸುಗುಟ್ಟುತ್ತಾರೆ. ನನ್ನ ಅಕ್ಕ ಈ ಐದು ತಿಂಗಳಿಂದ ಮದುವೆ ಮುಂಜಿಗಳಿಗೆ ಹೋಗುವುದನ್ನೇ ನಿಲ್ಲಿಸಿದ್ದಾಳೆ. ಹುಡುಗಿ ಮಾತ್ರ ಹೋಗುತ್ತಾಳೆ. ಕೇಳಿದವರಿಗೆಲ್ಲ ಕಾನೂನನ್ನು ವಿವರಿಸುತ್ತಾಳೆ. ಯಾರೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

ಹೋದ ವಾರ ಅವನು ಅಲ್ಲಿಂದ ಬಾಡಿಗೆಯ ಕರಾರಿನ ಪ್ರತಿಯನ್ನು ಕಳುಹಿಸಿದ. ವಾಸಿಸುವವರು ಎಂಬ ಕಡೆ ಇಬ್ಬರ ಹೆಸರೂ ಇದೆ. ಅದನ್ನು ಕಡತಕ್ಕೆ ಸೇರಿಸಿ ಕಳುಹಿಸಿದ್ದಾಯಿತು, ಉತ್ತರವಿನ್ನೂ ಬಂದಿಲ್ಲ. ಹಳೆಯ ಶಾಲೆಯವರು ಮಾರ್ಚಿಯವರೆಗೆ ಬದಲಿ ಉಪಾಧ್ಯಾಯಿನಿಯಾಗಿ ಬಾ ಎಂದಿದ್ದಾರಂತೆ. ಸೋಮವಾರದಿಂದ ಹೋಗುತ್ತಾಳೆ.