ಶಬ್ದವಿಚಾರ: ‘ಫೋರ್‌ಸ್ಟಾಲ್’

ಇಂಗ್ಲಿಷಿನ ‘ಫೋರ್‌ಸ್ಟಾಲ್’ ಎಂಬ ಕ್ರಿಯಾಪದಕ್ಕೆ ‘ತಡೆ’ ಎಂದಿಷ್ಟೇ ಬರೆದುಕೊಂಡ ವಾಚಕರು ಅದರ ಅರ್ಥದಲ್ಲಿ ಅರೆಪಾಲನ್ನು ಮಾತ್ರ ಪಡೆದಂತಾಯಿತು. ಬರಿಯ ತಡೆಗೆ ಆ ಭಾಷೆಯಲ್ಲಿ ‘ಪ್ರಿವೆಂಟ್’ ಎಂಬ ಸಾಮಾನ್ಯ ಶಬ್ದವುಂಟು. ‘ಫೋರ್‌ಸ್ಟಾಲ್’ ಎಂಬುದರಲ್ಲಿ ಮುಂದಾಲೋಚನೆಯೂ ಸೇರಿದೆ. ಒದಗಲಿರುವುದನ್ನು, ಅಥವಾ ಇನ್ನೊಬ್ಬನು ಮಾಡಲಿರುವುದನ್ನು, ಮೊದಲೇ ಊಹಿಸಿ, ತಾನು ಮುಂದಾಗಿ ನಡೆದು, ಅದಕ್ಕೆ ಎಡೆಯಿಲ್ಲದಂತೆ ಮಾಡುವುದೇ ಇದರ ಪೂರ್ಣಾರ್ಥ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವನ ನಡತೆಗೆ ಇದು ನೇರ ವಿರುದ್ಧ.

ಇಂದು ಜಾಣತನವನ್ನು ಸೂಚಿಸುವ ಈ ಶಬ್ದದ ಪೂರ್ವಚರಿತ್ರೆ ಅಷ್ಟು ನಿರ್ಮಲವಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲವಾದ ನಾಮಪದಕ್ಕೆ ಹೊಂಚಿ ಅಡ್ಡಗಟ್ಟುವುದೆಂದು ಅರ್ಥವಿದ್ದಿತು. ತರುವಾಯ, ಸಂತೆಗೆ ಬರುತ್ತಿರುವ ಧಾನ್ಯವನ್ನು ದಾರಿಯಲ್ಲಿಯೇ ಕೊಂಡು, ಬೆಲೆಯೇರಿಸಿ ಮಾರುವ ವರ್ತಕನ ಕೃತ್ಯಕ್ಕೆ ಈ ಹೆಸರು ನಿಂತಿತು. ಆರನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, 1552ರಲ್ಲಿ, ಇದನ್ನು ನಿಷೇಧಿಸಿ ಶಾಸನವೊಂದಾಯಿತು; 1772ರಲ್ಲಿ ಅದು ರದ್ದಾಯಿತು. ಈ ವರ್ತಕರನ್ನು ಕುರಿತ ಜನರ ಭಯವು ಮಾಟಗಾತಿಯರ ಮೇಲಣ ಶಂಕೆಯನ್ನು ಹೋಲುವುದೆಂದು ಆಡಂ ಸ್ಮಿತ್ 1776ರಲ್ಲಿ ಬರೆದನು. 1844ರಲ್ಲಿ ಇಂಗ್ಲೆಂಡಿನಲ್ಲಿ ಇದು ಅಪರಾಧವೆಂಬುದೇ ಇಲ್ಲವಾಯಿತು.

ಇನ್ನು ಪ್ರಯೋಗ. ‘ಪ್ರಿವೆಂಟ್’ ಆದ ಮೇಲೆ ‘ಫ್ರಂ’ ಸೇರಿಸಿ, ಒಬ್ಬನನ್ನು ಹೋಗದಂತೆ ತಡೆದರೆಂದು ಹೇಳಬಹುದು. ‘ಫೋರ್‌ಸ್ಟಾಲ್’ ಶಬ್ದಕ್ಕೆ ಆ ರಚನೆ ಹೊಂದದು. ಅದಕ್ಕೆ ನೇರವಾಗಿ ಕರ್ಮಪದವೇ ಬೇಕು: ‘ಹೀ ಫೋರ್‌ಸ್ಟಾಲ್ಡ್ ದಿ ಅಬ್ಜೆಕ್ಷನ್’, ಎಂದರೆ, ಆಕ್ಷೇಪವು ಹೊರಡುವ ಮುನ್ನವೇ ಅವನು ಸಮಾಧಾನ ಹೇಳಿದನು. ಕರ್ಮವು ವ್ಯಕ್ತಿಯೂ ಆಗಬಹುದು. ಆಗ ಅವನಿಗಿಂತ ಮುಂಚೆ ತಾನೇ ಆ ಕೆಲಸವನ್ನು ಮಾಡಿಬಿಟ್ಟನೆಂದು ಅರ್ಥ. ಕನ್ನಡಿಸುವಾಗ ‘ಮೊದಲೇ’, ‘ಮುನ್ನವೇ’ ಎಂಬ ಮಾತುಗಳಲ್ಲೊಂದನ್ನು ಬಿಡಲಾಗದು.

ಈ ಎರಡು ಮುಖಗಳೂ ನಮ್ಮ ಮನೆಗಳಲ್ಲಿ ಉಂಟು. ಮಗುವು ಅಂಬೆಗಾಲಿಡುವ ಮೊದಲೇ ಮೆಟ್ಟಿಲಿಗೆ ಅಡ್ಡಹಲಗೆ ಕಟ್ಟುವ ತಾಯಿಯೂ ಮುಂದಾಗಿ ತಡೆಯುವವಳೇ. ಅದೇ ಮಗುವು ಬೆಳೆದು ಪ್ರಶ್ನೆ ಕೇಳಲು ಬಾಯ್ದೆರೆಯುವ ಮೊದಲೇ ‘ನನಗೆ ಗೊತ್ತು, ಸುಮ್ಮನಿರು’ ಎನ್ನುವ ಹಿರಿಯರೂ ಮುಂದಾಗಿ ತಡೆಯುವವರೇ. ಮೊದಲನೆಯದರಿಂದ ಅಪಾಯವು ತಪ್ಪಿತು. ಎರಡನೆಯದರಿಂದ ಸಂತೆಗೆ ಬರಬೇಕಾದ ಧಾನ್ಯವು ದಾರಿಯಲ್ಲಿಯೇ ಅಪಹೃತವಾಯಿತು. ಶಬ್ದವು ಎರಡಕ್ಕೂ ಒಂದೇ. ವಿವೇಚನೆಯು ಗೃಹಸ್ಥರಿಗೆ ಸೇರಿದ್ದು.