ಗಂಟೆ ದುಡಿಯುವವರು, ಗಂಟೆ ಮಾರುವವರು



ಹೋಟೆಲು, ಕ್ಯಾಂಟೀನುಗಳ ಕೆಲಸಗಾರರ ಪತ್ರಿಕೆಯಲ್ಲಿ ಕಂಪ್ಯೂಟರ್ ಕಂಪೆನಿಗಳ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣ ಹೇಳುತ್ತೇವೆ. ನಮ್ಮಲ್ಲಿ ಎಷ್ಟೋ ಮಂದಿ ನಸುಕಿನ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬಿ, ರಾತ್ರಿ ಮೇಜು ಒರಸಿ, ತಮ್ಮನನ್ನೋ ಮಗಳನ್ನೋ ಇಂಜಿನಿಯರಿಂಗ್ ಓದಿಸಿದ್ದೇವೆ. ಆ ಮಕ್ಕಳು ಇಂದು ಐರೋಲಿ, ಪೊವಾಯಿ, ಪುಣೆಯ ಹಿಂಜವಡಿಗಳ ಗಾಜಿನ ಕಟ್ಟಡಗಳಲ್ಲಿ ಕುಳಿತಿದ್ದಾರೆ. ಊರಿನಲ್ಲಿ ಅವರಿಗೆ ಸಾಹೇಬರೆಂದು ಹೆಸರು. ಆ ಸಾಹೇಬರ ದಿನವನ್ನು ಯಾವ ತಕ್ಕಡಿಯಲ್ಲಿ ತೂಗಲಾಗುತ್ತಿದೆ ಎಂಬುದನ್ನು ನೋಡಿದರೆ, ನಮ್ಮ ಹೋಟೆಲಿನ ಗಲ್ಲಾ ಎಷ್ಟೋ ವಾಸಿ ಎನ್ನಬೇಕಾಗುತ್ತದೆ.

ಹೋಟೆಲಿನ ಧಣಿ ದೋಸೆ ಮಾರುತ್ತಾನೆ. ದೋಸೆಗೆ ಬೆಲೆಯುಂಟು, ಎರೆದವನ ಗಂಟೆಯನ್ನು ಗಿರಾಕಿ ಕೇಳುವುದಿಲ್ಲ. ಐ.ಟಿ. ಸೇವೆಯ ಕಂಪೆನಿಯಾದರೋ ಬಹುಮಟ್ಟಿಗೆ ಮನುಷ್ಯನ ಗಂಟೆಯನ್ನೇ ಮಾರುತ್ತದೆ. ಅಮೆರಿಕದ ಬ್ಯಾಂಕಿಗೋ ಇಂಗ್ಲೆಂಡಿನ ವಿಮಾ ಕಂಪೆನಿಗೋ, ಇಷ್ಟು ಮಂದಿ ಇಷ್ಟು ಗಂಟೆ ಎಂದು ಬಿಲ್ಲು ಹೋಗುತ್ತದೆ. ಆ ಬಿಲ್ಲಿಗೆ ಆಧಾರ ಟೈಮ್‌ಶೀಟ್, ಅಂದರೆ ಕೆಲಸಗಾರನೇ ತುಂಬಬೇಕಾದ ಗಂಟೆಗಳ ಪಟ್ಟಿ. ಗಿರಾಕಿಯ ತಲೆಗೆ ಹಾಕಬಹುದಾದ ಗಂಟೆ ಎಷ್ಟು, ಹಾಕಲಾಗದ್ದು ಎಷ್ಟು ಎಂದು ಅದರಲ್ಲಿ ಬೇರೆ ಬೇರೆ ಬರೆಯಬೇಕು. ಕೈಯಲ್ಲಿದ್ದ ಒಟ್ಟು ಗಂಟೆಗಳಲ್ಲಿ ಬಿಲ್ಲಿಗೆ ಹತ್ತಿದ ಗಂಟೆ ಶೇಕಡಾ ಎಷ್ಟು ಎಂಬ ಲೆಕ್ಕಕ್ಕೆ ಯುಟಿಲೈಸೇಶನ್ ಎಂದು ಹೆಸರು. ಅಲ್ಲಿ ದುಡಿಯುವವನಿಗೆ ಅದೇ ಜಾತಕ.

ಈ ಲೆಕ್ಕ ಇಡುವ ಸಾಫ್ಟ್‌ವೇರಿನ ಮಾರಾಟವೇ ಈಗ ಒಂದು ದೊಡ್ಡ ಪೇಟೆ. ಓಪನ್‌ಏರ್ ಎಂಬುದನ್ನು 2008ರಲ್ಲಿ ನೆಟ್‌ಸೂಟ್ ಕೊಂಡಿತು. ಆ ನೆಟ್‌ಸೂಟನ್ನೇ 2016ರಲ್ಲಿ ಒರಾಕಲ್ ಸುಮಾರು 930 ಕೋಟಿ ಡಾಲರಿಗೆ ನುಂಗಿತು. ವರ್ಕ್‌ಫ್ರಂಟಿಗೆ 2020ರಲ್ಲಿ ಅಡೋಬಿ ಕೊಟ್ಟದ್ದು 150 ಕೋಟಿ ಡಾಲರ್. ಮೇವನ್‌ಲಿಂಕ್, ಕಿಂಬಲ್ ಎಂಬೆರಡು ಸೇರಿ 2022ರಲ್ಲಿ ಕಂಟಾಟಾ ಎಂದು ಹೆಸರಿಟ್ಟುಕೊಂಡವು. ಸಿಡ್ನಿಯಲ್ಲಿ 2002ರಲ್ಲಿ ಹುಟ್ಟಿದ ಅಟ್ಲಾಸಿಯನ್ನಿನ ಜಿರಾ ನಮ್ಮ ಮಕ್ಕಳ ಬಾಯಲ್ಲಿ ದಿನಕ್ಕೆ ನೂರು ಬಾರಿ ಬರುವ ಹೆಸರು. ಒಮ್ಮೆ ಹಣ ತೆತ್ತು ಸ್ವಂತ ಮಾಡಿಕೊಳ್ಳಬಹುದಾಗಿದ್ದ ಅದರ ಸರ್ವರ್ ಬಗೆಗೆ ಕಂಪೆನಿ 2024ರ ಫೆಬ್ರವರಿ 15ಕ್ಕೆ ಬೆಂಬಲ ನಿಲ್ಲಿಸಿತು. ಈ ಪೇಟೆಯಲ್ಲಿ ಈಗ ಬಾಡಿಗೆಯದೇ ರಾಜ್ಯ, ಅದೂ ತಲೆಗಿಷ್ಟು, ತಿಂಗಳಿಗಿಷ್ಟು. ಸ್ವದೇಶಿ ಎಂದರೂ ರೀತಿ ಬೇರೆಯಲ್ಲ. ಚೆನ್ನೈಯ ಜೋಹೊ ಕಂಪೆನಿಯ ಪ್ರಾಜೆಕ್ಟ್ಸ್ ಎಂಬುದರಲ್ಲಿಯೂ ಬಿಲ್ಲಿನ ಗಂಟೆ, ಬಿಲ್ಲಿಲ್ಲದ ಗಂಟೆ ಎಂಬ ಎರಡು ಮನೆಗಳು ಇವೆ.

ಸಾಫ್ಟ್‌ವೇರ್ ಕೇವಲ ಸಾಧನ, ತಕ್ಕಡಿಗೆ ಪಕ್ಷವಿಲ್ಲ ಎಂದು ಹೇಳುವವರಿದ್ದಾರೆ. ಯಾರು ಯಾವ ಕೆಲಸ ಮಾಡಬೇಕು, ಎಂದಿಗೆ ಮುಗಿಯಬೇಕು ಎಂದು ಒಂದು ಕಡೆ ಬರೆದಿಟ್ಟರೆ ಕೆಲಸಗಾರನಿಗೂ ಅನುಕೂಲ. ಒಬ್ಬನ ಪಾಲಿನದು ಇನ್ನೊಬ್ಬನ ಹೆಗಲಿಗೆ ಬೀಳುವುದು ತಪ್ಪುತ್ತದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಕ್ಕಡಿ ಯಾರ ಅಂಗಡಿಯದು? ಕೊಳ್ಳುವವನು ಧಣಿ, ಓದುವವನು ಧಣಿ. ತೂಗಿಸಿಕೊಳ್ಳುವವನಿಗೆ ಮುಳ್ಳು ನೋಡುವ ಹಕ್ಕಿಲ್ಲ. ತನ್ನ ಒಂದು ಗಂಟೆ ಗಿರಾಕಿಗೆ ಎಷ್ಟಕ್ಕೆ ಮಾರಾಟವಾಯಿತೆಂಬುದು ಎಷ್ಟು ಮಂದಿ ಕೆಲಸಗಾರರಿಗೆ ಗೊತ್ತು? ಅದು ಗೊತ್ತಾದ ದಿನ ಸಂಬಳದ ಮಾತುಕತೆಯ ರೀತಿಯೇ ಬದಲಾಗುತ್ತದೆ. ಅದಕ್ಕೇ ಆ ಮನೆಗೆ ಬೀಗ.

ಇನ್ನೊಂದು ಮೋಸ ಕೇಳಿ. ಕೆಲಸ ಹಿಡಿಯಲಿಕ್ಕಾಗಿ ಇನ್ನೂರು ಗಂಟೆಯಲ್ಲಿ ಮುಗಿಸುತ್ತೇವೆಂದು ಮೇಲಿನವರು ಒಪ್ಪಿ ಬರುತ್ತಾರೆ. ಕೆಲಸಕ್ಕೆ ಹಿಡಿಯುವುದು ಮುನ್ನೂರು. ಆ ನೂರನ್ನು ಟೈಮ್‌ಶೀಟಿನಲ್ಲಿ ಬರೆದರೆ ಮ್ಯಾನೇಜರನ ಲೆಕ್ಕ ಕೆಂಪಾಗುತ್ತದೆ. ಆದ್ದರಿಂದ ಹನ್ನೊಂದು ಗಂಟೆ ದುಡಿದರೂ ಎಂಟೇ ಬರೆ ಎಂದು ಮೆಲ್ಲಗೆ ಹೇಳುತ್ತಾರೆ. ನಮ್ಮ ಸಂಘದ ಕೋಣೆಗೆ ಬರುವ ಹುಡುಗರೆಲ್ಲ ಹೇಳುವುದು ಇದೇ ಕಥೆ. ಬಾಂಧವರೇ, ಈ ಲೆಕ್ಕದಲ್ಲಿ ಸುಳ್ಳು ಇದ್ದರೆ ಅದು ಒಂದೇ ಕಡೆಗೆ ವಾಲುತ್ತದೆ. ಕಡಮೆ ದುಡಿದವನು ಹೆಚ್ಚು ಬರೆದರೆ ಕಳ್ಳ. ಹೆಚ್ಚು ದುಡಿದವನು ಕಡಮೆ ಬರೆದರೆ ಒಳ್ಳೆಯ ನೌಕರ! 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಮೀರಿದ್ದಕ್ಕೆ ಇಮ್ಮಡಿ ಕೂಲಿ ಎಂದಿತ್ತು. ಬರೆಯದ ಗಂಟೆಗೆ ಇಮ್ಮಡಿಯೂ ಇಲ್ಲ, ಒಮ್ಮಡಿಯೂ ಇಲ್ಲ.

ಈ ಜಾತಕದ ಫಲ ಏನೆಂಬುದು 2025ರಲ್ಲಿ ಎಲ್ಲರಿಗೂ ಕಂಡಿತು. ದೇಶದ ಅತಿ ದೊಡ್ಡ ಐ.ಟಿ. ಕಂಪೆನಿಯಾದ ಟಿ.ಸಿ.ಎಸ್. ಆ ವರ್ಷದ ಜೂನಿನಲ್ಲಿ, ನೌಕರನು ವರ್ಷಕ್ಕೆ 225 ದಿನ ಬಿಲ್ಲಿಗೆ ಹತ್ತುವ ಕೆಲಸದಲ್ಲಿರಬೇಕು, ಬೆಂಚಿನ ಮೇಲೆ 35 ದಿನ ಮೀರಕೂಡದು ಎಂಬ ನಿಯಮ ತಂದಿತು. ಬೆಂಚು ಎಂದರೆ ಒಂದು ಕೆಲಸ ಮುಗಿದು ಇನ್ನೊಂದು ಸಿಗುವ ತನಕದ ಕಾಲ. ವಾರಕ್ಕೆ ಐದು ದಿನದಂತೆ 52 ವಾರಕ್ಕೆ 260 ದಿನ. 225 ಕಳೆದರೆ ಉಳಿಯುವುದು ಸರಿಯಾಗಿ 35. ಮರುತಿಂಗಳೇ ಸುಮಾರು ಶೇಕಡಾ 2ರಷ್ಟು ನೌಕರರನ್ನು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು, ಕಡಮೆ ಮಾಡುವುದಾಗಿ ಕಂಪೆನಿ ಸಾರಿತು.

ನಾವು ಕೇಳುತ್ತೇವೆ: ಕೆಲಸ ತರುವವರು ಯಾರು? ಗಿರಾಕಿಯೊಡನೆ ಕರಾರು ಮಾಡುವುದು ಕಂಪೆನಿಯ ಹೊಣೆ. ಆಷಾಢದ ಜಡಿಮಳೆಯಲ್ಲಿ ಹೋಟೆಲಿಗೆ ಗಿರಾಕಿ ಬಾರದಿದ್ದರೆ, ನಿನ್ನ ಮೇಜು ಖಾಲಿ ಇತ್ತು, ತಪ್ಪು ನಿನ್ನದು ಎಂದು ಸಪ್ಲೈಯರನ ಕುತ್ತಿಗೆ ಹಿಡಿಯುವುದು ನ್ಯಾಯವೇ? ವ್ಯಾಪಾರದ ಲಾಭ ಧಣಿಗೆ. ವ್ಯಾಪಾರದ ನಷ್ಟ ಕೆಲಸಗಾರನಿಗೆ. ಈ ಹಳೆಯ ಅನ್ಯಾಯಕ್ಕೆ ಹೊಸ ಸಾಫ್ಟ್‌ವೇರು ಶೇಕಡಾ ಲೆಕ್ಕದ ಅಂಗಿ ತೊಡಿಸಿದೆ, ಅಷ್ಟೆ.

ಗಂಟೆಯ ಕಾವಲು ಇಂದು ಹುಟ್ಟಿದ್ದೂ ಅಲ್ಲ, ಅದಕ್ಕೆ ಕೆಲಸಗಾರರು ತಲೆಬಾಗಿದ್ದೂ ಅಲ್ಲ. ಇಂದಿನ ಪ್ರಾಜೆಕ್ಟ್ ಸಾಫ್ಟ್‌ವೇರುಗಳಲ್ಲಿ ಕಾಣುವ ಪಟ್ಟಿಪಟ್ಟಿಯ ನಕಾಶೆಗೆ ಹೆಸರು ಕೊಟ್ಟ ಹೆನ್ರಿ ಗ್ಯಾಂಟ್, ಅಮೆರಿಕದ ಫ್ರೆಡರಿಕ್ ಟೇಲರನ ಜೊತೆಗಾರ. ಆ ಟೇಲರನ ಪದ್ಧತಿಯಂತೆ 1911ರಲ್ಲಿ ವಾಟರ್‌ಟೌನಿನ ಸರಕಾರಿ ಶಸ್ತ್ರಾಗಾರದಲ್ಲಿ ಎರಕದ ಕೆಲಸಗಾರರ ಮುಂದೆ ಸ್ಟಾಪ್‌ವಾಚು ಹಿಡಿದಾಗ ಅವರು ಮುಷ್ಕರ ಹೂಡಿದರು. 1915ರಲ್ಲಿ ಅಲ್ಲಿನ ಕಾಂಗ್ರೆಸ್ಸು, ಸೇನೆಯ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚಿಗೆ ಸರಕಾರದ ಹಣ ಖರ್ಚಾಗಕೂಡದೆಂದು ವಿಧಿಸಿತು. ನಮ್ಮ ಮುಂಬಯಿಯ ಗಿರಣಿಗಳಲ್ಲಿ ಎರಡು ಮಗ್ಗ ನೋಡುವವನಿಗೆ ಮೂರು ಮಗ್ಗ ಕೊಡಲು ಹೊರಟಾಗ, 1928ರಲ್ಲಿ ಗಿರಣಗಾವ್ ತಿಂಗಳುಗಟ್ಟಲೆ ಮುಷ್ಕರ ನಡೆಸಿತು. ಜರ್ಮನಿಯ 1972ರ ಕಾಯಿದೆಯ ಪ್ರಕಾರ, ಕೆಲಸಗಾರರ ನಡತೆಯನ್ನೋ ದುಡಿಮೆಯನ್ನೋ ಅಳೆಯುವ ಯಂತ್ರ ಸಾಧನವನ್ನು ತರಬೇಕಾದರೆ ಧಣಿ ಅವರು ಆರಿಸಿದ ಮಂಡಲಿಯ ಒಪ್ಪಿಗೆ ಪಡೆಯಬೇಕು. ಅಲ್ಲಿ ನಡೆಯುವುದು ಇಲ್ಲೇಕೆ ನಡೆಯಬಾರದು?

ಆದಕಾರಣ ನಮ್ಮ ಬೇಡಿಕೆಗಳು ಇವು. ದುಡಿದ ಗಂಟೆಯನ್ನೆಲ್ಲ ಬರೆಯತಕ್ಕದ್ದು; ಕಡಮೆ ಬರೆಯಿಸುವ ಮೇಲಧಿಕಾರಿಗೆ ಶಿಕ್ಷೆಯಾಗತಕ್ಕದ್ದು. ಟೈಮ್‌ಶೀಟಿನ ಪ್ರತಿ ಕೆಲಸಗಾರನ ಕೈಯಲ್ಲಿಯೂ ಇರತಕ್ಕದ್ದು. ಎಂಟು ಗಂಟೆ ಮೀರಿದ್ದಕ್ಕೆ ಇಮ್ಮಡಿ ಹಣ ಸಲ್ಲತಕ್ಕದ್ದು. ಬೆಂಚಿನ ದಿನಗಳು ಕೆಲಸದಿಂದ ತೆಗೆಯುವುದಕ್ಕೆ ನೆಪವಾಗಕೂಡದು. ಆ ಕಾಲದಲ್ಲಿ ಪೂರ್ಣ ಸಂಬಳವೂ ತರಬೇತಿಯೂ ಸಿಗತಕ್ಕದ್ದು. ಹೊಸ ಅಳತೆಯ ಸಾಫ್ಟ್‌ವೇರ್ ತರುವ ಮುನ್ನ ಕೆಲಸಗಾರರ ಪ್ರತಿನಿಧಿಗಳನ್ನು ಕೇಳತಕ್ಕದ್ದು.

ಕೊನೆಗೆ ನಮ್ಮವರಿಗೇ ಎರಡು ಮಾತು. ನಮ್ಮ ಮಗ ಆಫೀಸರ್, ಅವನಿಗೆ ಯೂನಿಯನ್ ಏಕೆ ಎಂದು ಬೀಗುವ ಅಪ್ಪಂದಿರು ನಮ್ಮಲ್ಲಿದ್ದಾರೆ. ಗಂಟೆಯ ಲೆಕ್ಕಕ್ಕೆ ಮಾರಾಟವಾಗುವವನು, ಅಂಗಿ ಎಷ್ಟೇ ಬಿಳಿಯಿರಲಿ, ಕೂಲಿಕಾರನೇ. ಹಾಗೆನ್ನಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ, ಲೆಕ್ಕ ಕೇಳದಿರುವುದರಲ್ಲಿ ನಾಚಿಕೆಯಿದೆ. ಬೆಂಗಳೂರಿನಲ್ಲಿ ಐ.ಟಿ. ನೌಕರರು 2017ರಲ್ಲಿ ಕೆ.ಐ.ಟಿ.ಯು. ಎಂಬ ಸಂಘ ಕಟ್ಟಿದರು. 2024ರಲ್ಲಿ ದಿನಕ್ಕೆ 14 ಗಂಟೆಯ ದುಡಿಮೆಗೆ ದಾರಿ ಮಾಡುವ ಸೂಚನೆ ಕರ್ನಾಟಕದಲ್ಲಿ ಬಂದಾಗ ಎದ್ದು ನಿಂತವರು ಅವರು. ಮುಂಬಯಿಯ, ಪುಣೆಯ ನಮ್ಮ ಮಕ್ಕಳೂ ಹಾಗೆ ನಿಲ್ಲಬೇಕು. ಅವರ ಹಿಂದೆ ಹೋಟೆಲು ಕೆಲಸಗಾರರಾದ ನಾವು ನಿಲ್ಲಬೇಕು. ಇಂದೇ ಮನೆಗೆ ಹೋಗಿ ಮಗನನ್ನು ಕೇಳಿ: ಈ ವಾರ ಎಷ್ಟು ಗಂಟೆ ದುಡಿದೆ, ಎಷ್ಟು ಗಂಟೆ ಬರೆದೆ? ಎರಡು ಉತ್ತರ ಬೇರೆಯಾದರೆ, ಆದಿತ್ಯವಾರ ಅವನನ್ನು ಕರೆದುಕೊಂಡು ಸಂಘದ ಕೋಣೆಗೆ ಬನ್ನಿ.