ಮನೆ ಇಲ್ಲದವರು ನಮ್ಮ ಊರಲ್ಲೂ ಇದ್ದಾರೆ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಗಾದೆ ಮಾಡಿದ್ದಾರೆ. ಎರಡೂ ಕಷ್ಟದ ಕೆಲಸ ಎಂದು ಇದರ ಅರ್ಥ.

ಹೋದ ವಾರ ಗುರುಗಳು ತರಗತಿಯಲ್ಲಿ "ಮನೆ ಇಲ್ಲದವರು ಎಂದರೆ ಯಾರು?" ಎಂದು ಕೇಳಿದರು. "ಬೆಂಗಳೂರಿನ ಫುಟ್‌ಪಾತ್ ಮೇಲೆ ಮಲಗುವವರು" ಎಂದು ಎಲ್ಲರೂ ಹೇಳಿದರು. "ನಮ್ಮ ಊರಾಗ ಅಂಥವರು ಒಬ್ಬರೂ ಇಲ್ರಿ ಸರ್" ಎಂದು ಒಬ್ಬ ಅಂದ. ನಾನು ಸುಮ್ಮನೆ ಕುಳಿತೆ. ಅವತ್ತು ಹೇಳದೆ ಇದ್ದದ್ದನ್ನು ಇಲ್ಲಿ ಬರೆಯುತ್ತೇನೆ. ನಮ್ಮ ಊರಲ್ಲೂ ಮನೆ ಇಲ್ಲದವರು ಇದ್ದಾರೆ. ಅವರಲ್ಲಿ ನಾವೂ ಒಬ್ಬರು.

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭಾ ಹೊಳೆಗೆ ದೊಡ್ಡ ಪ್ರವಾಹ ಬಂತು. ನಾನು ಆಗ ಬಹಳ ಸಣ್ಣಾಕಿ. ಹೊಳೆ ದಂಡೆಯ ಊರಲ್ಲಿ ನಮ್ಮದು ಮಣ್ಣಿನ ಮನೆ. ಮಣ್ಣಿನ ಗೋಡೆ ಒಮ್ಮೆ ನೆನೆದರೆ ನೀರು ಇಳಿದ ಮೇಲೂ ಬೀಳುತ್ತದೆ. ನಮ್ಮದೂ ಹಾಗೇ ಬಿತ್ತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರಕಾರ ಹೇಳಿತು. ಆದರೆ ಆ ಮನೆ ಅಜ್ಜನ ಹೆಸರಲ್ಲಿತ್ತು. ಒಳಗೆ ದೊಡ್ಡಪ್ಪ, ಅಪ್ಪ, ಕಾಕಾ ಹೀಗೆ ಮೂರು ಸಂಸಾರ. ಮನೆ ಒಂದು, ಪರಿಹಾರವೂ ಒಂದೇ. ಹೊಸದಾಗಿ ಕಟ್ಟಿದ ಎರಡು ಖೋಲಿಯಲ್ಲಿ ಎಲ್ಲರೂ ಹಿಡಿಸಲಿಲ್ಲ. ನಾವು ಈ ಊರಿಗೆ, ಮಾವನ ಮನೆಗೆ ಬಂದೆವು. ಎರಡು ತಿಂಗಳು ಅಂತ ಬಂದವರು ಇನ್ನೂ ಪಡಸಾಲೆಯಲ್ಲೇ ಇದ್ದೇವೆ.

ಮಾವ, ಅತ್ತಿ ಒಂದು ದಿನವೂ ಹೋಗಿ ಅಂದಿಲ್ಲ. ಅವರ ಉಪಕಾರ ದೊಡ್ಡದು. ಆದರೂ ಅವ್ವ ಎಲ್ಲರಿಗಿಂತ ಮೊದಲು ಏಳುತ್ತಾಳೆ, ಎಲ್ಲರೂ ಉಂಡ ಮೇಲೆ ಉಣ್ಣುತ್ತಾಳೆ. ಬೀಗರು ಬಂದರೆ ಅಪ್ಪ ಗುಡಿ ಕಟ್ಟೆ ಮೇಲೆ ಮಲಗುತ್ತಾನೆ. ನನ್ನ ಪುಸ್ತಕ ಇಡುವುದು ಜೋಳದ ಚೀಲದ ಮೇಲೆ. "ಅವ್ವಾ, ನಮ್ಮ ಮನಿ ಯಾವಾಗ?" ಅಂದರೆ "ಸುಮ್ನಿರು, ಕೇಳಿಸ್ತದ" ಅನ್ನುತ್ತಾಳೆ. ಗಟ್ಟಿಯಾಗಿ ಮಾತಾಡಲಿಕ್ಕೂ ಅಂಜುವ ಜಾಗ ನಮ್ಮ ಮನೆ ಹೇಗಾದೀತು?

2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 17.7 ಲಕ್ಷ ಜನ ವಸತಿಹೀನರು ಎಂದು ಲೆಕ್ಕ ಸಿಕ್ಕಿತು. ಅದು ರಸ್ತೆ ಬದಿ, ರೈಲು ನಿಲ್ದಾಣ, ಸೇತುವೆ ಕೆಳಗೆ, ಗುಡಿ ಮಂಟಪದಲ್ಲಿ ಇರುವವರ ಲೆಕ್ಕ. ನಂಟರ ಪಡಸಾಲೆಯಲ್ಲಿ ಇರುವವರು ಅದರಲ್ಲಿ ಬರುವುದಿಲ್ಲ. ನಾವು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಯಾರೂ ಕೇಳುವುದಿಲ್ಲ. ನಾಚಿಕೆಯಾಗಿ ನಾವೂ ಹೇಳುವುದಿಲ್ಲ. ದನದ ಕೊಟ್ಟಿಗೆಯಲ್ಲಿ ಇರುವವರೂ ನಮ್ಮ ಊರಲ್ಲಿ ಇದ್ದಾರೆ. ಅವರ ಹೆಸರು ಬರೆಯುವುದಿಲ್ಲ.

ಊರವರು ಏನು ಮಾಡಬಹುದು? ನನ್ನ ಅಭಿಪ್ರಾಯ ಹೀಗಿದೆ.

1. ಸರಕಾರದ ಮನೆ ಯಾರಿಗೆ ಕೊಡಬೇಕೆಂದು ಗ್ರಾಮಸಭೆಯಲ್ಲಿ ಆರಿಸುತ್ತಾರೆ. ನಾವು ಬೇರೆ ಊರಿಂದ ಬಂದವರು ಅಂತ ಅಪ್ಪ ಹಿಂದೆ ನಿಂತು ವಾಪಸ್ ಬರುತ್ತಾನೆ. ಓಣಿಯವರು ಒಬ್ಬರು ಎದ್ದು "ಇವರಿಗೆ ಜಾಗಾನೂ ಇಲ್ರಿ, ಮನೀನೂ ಇಲ್ರಿ, ನಾವು ಕಂಡೇವಿ" ಅಂದರೆ ಅಪ್ಪನಿಗೂ ಮಾತಾಡಲು ಧೈರ್ಯ ಬರುತ್ತದೆ.

2. ಹೊಲದ ಕೆಲಸಕ್ಕೆ ನಮ್ಮಲ್ಲಿ ಮುಯ್ಯಿ ಆಳು ಹೋಗುತ್ತಾರೆ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ಬಿದ್ದ ಗೋಡೆ ಕಟ್ಟಲಿಕ್ಕೂ ಹಾಗೇ ಒಂದೊಂದು ದಿನ ಯಾಕೆ ಹೋಗಬಾರದು?

3. ಗುರುಗಳು ಸಂಜೆ ಒಂದು ತಾಸು ಶಾಲೆಯ ಒಂದು ಕೋಣೆ ತೆರೆದಿಟ್ಟರೆ ನನ್ನಂಥವರು ಓದಿಕೊಳ್ಳುತ್ತೇವೆ.

4. ಗೆಳೆಯರೇ, "ಪಡಸಾಲಿ ಮಂದಿ" ಅಂತ ಯಾರನ್ನೂ ಕಾಡಬೇಡಿ. ಹೊಳೆ ಯಾರ ಮನೆಗೂ ಕೇಳಿ ಬರುವುದಿಲ್ಲ.

ಗಾದೆಯಲ್ಲಿ ಮನೆ, ಮದುವೆ ಎರಡೂ ಇವೆ. ಮದುವೆಗೆ ಊರೆಲ್ಲ ಬಂದು ಕೈ ಹಚ್ಚುತ್ತದೆ. ಮನೆ ಕಟ್ಟುವಾಗಲೂ ಹಾಗೇ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ